ಐದನೇ ಮಹಡಿಯವಳ ಲೆಕ್ಕ

ನಾನು ರೊಟ್ಟಿ ತರಲು ಹೋಗಿದ್ದೆ.
ಅದೇ ನನ್ನ ತಪ್ಪು, ಅದೇ ನನ್ನ ಯೋಗ್ಯತೆ.

ತಿಬಿಲಿಸಿಯ ಈ ತುದಿಯಲ್ಲಿ, ಗಲ್ದಾನಿಯಲ್ಲಿ,
ಒಂಬತ್ತು ಮಹಡಿ, ಮೂವತ್ತಾರು ಬಾಗಿಲು,
ಗುರುವಾರದಿಂದ ನಾಲ್ಕು ಐದರ ನಡುವೆ
ಉಸಿರು ಕಟ್ಟಿ ನಿಂತ ಒಂದು ಲಿಫ್ಟು.
ರಿಪೇರಿಗೆ ಸಾವಿರದ ಎಂಟುನೂರು ಲರಿ,
ಮನೆಗೆ ಐವತ್ತು. ಭಾಗಾಕಾರ ಸುಲಭ;
ಕಷ್ಟ ಶುರುವಾಗುವುದು ಶೇಷ ಸೊನ್ನೆಯಾದ ಮೇಲೆ.

ಆಕ್ರೋಟು ಮರದಡಿ ಸ್ಟೂಲು ಹಾಕಿ ಸಭೆ.
"ಒಂದು ದಿನವೂ ಅದನ್ನು ಹತ್ತಿದವನಲ್ಲ ನಾನು,
ನಿಮ್ಮ ಆಕಾಶಕ್ಕೆ ನಾನೇಕೆ ಕಂದಾಯ ಕಟ್ಟಲಿ?"
ಅಂದನಂತೆ ನೆಲಮಹಡಿಯ ನುಗ್ಜಾರ್.
ಒಂಬತ್ತರ ಲಾಮಾರಾ ಬಿಡುವವಳೇ:
"ನಿನ್ನ ಮೇಲೆ ಮಳೆ ಬೀಳದಂತೆ ಎಂಟು ಮನೆ ಅಡ್ಡ ನಿಂತಿವೆ,
ಅದಕ್ಕೆ ಬಾಡಿಗೆ ಕೇಳಿದೆವಾ?"

ಏಳರ ವರ್ಲಾಮ್ ಮೇಷ್ಟ್ರು ಎದ್ದರಂತೆ.
ರಾಜ್ಯವೆಂಬುದು ತಾನಾಗಿ ಉದುರಿಹೋಗುತ್ತದೆ
ಎಂದು ಹಿಂದೊಮ್ಮೆ ಕಾಲೇಜಿನಲ್ಲಿ ಪಾಠ ಹೇಳಿ
ಅದೇ ರಾಜ್ಯದಿಂದ ಸಂಬಳ ಎಣಿಸಿಕೊಂಡವರು.
"ಒಂದು ನಿಮಿಷ ಕಣ್ಣು ಮುಚ್ಚಿ.
ಯಾವ ಮಹಡಿಯವರೆಂದು ನಿಮಗೇ ಗೊತ್ತಿಲ್ಲ ಅಂದುಕೊಳ್ಳಿ.
ಈಗ ಹೇಳಿ, ಬೇಕೋ ಬೇಡವೋ?"
ಮೂವತ್ತೊಂದು ಜನ ಮುಚ್ಚಿದರಂತೆ.
ಆ ನಿಮಿಷ ಅಂಗಳಕ್ಕೆ ನ್ಯಾಯ ಬಂದುಹೋಯಿತೋ ಏನೋ,
ನೋಡಿದವರಿಲ್ಲ.
ನುಗ್ಜಾರ್ ಮಾತ್ರ, ಕಣ್ಣು ಬಿಟ್ಟೇ:
"ನನ್ನ ಮಹಡಿ ನನ್ನ ಮೂಗಿಗೆ ಗೊತ್ತು,
ಕಸದ ತೊಟ್ಟಿ ಪಕ್ಕದಲ್ಲೇ ಇದೆ."

ಕೈ ಎತ್ತಿದರು. ಹತ್ತೊಂಬತ್ತು. ಹದಿಮೂರು.
ಮೂರು ಬಾಗಿಲು ಇಟಲಿಯಲ್ಲಿ ಯಾರದೋ ಅಜ್ಜಿಯರನ್ನು ನೋಡಿಕೊಳ್ಳುತ್ತಿವೆ,
ಒಂದು ರೊಟ್ಟಿ ತರಲು ಹೋಗಿದೆ.
ಗೆದ್ದ ಮೇಲೆ ತಿಳಿಯಿತು:
ಎತ್ತುವ ಕೈ ಬೇರೆ, ಜೇಬಿಗೆ ಇಳಿಯುವ ಕೈ ಬೇರೆ.

ಬಿಸಿ ಶೋತಿ ಕಂಕುಳಲ್ಲಿ ಅವುಚಿಕೊಂಡು ಬಂದೆ.
ಎಲ್ಲರ ಕತ್ತೂ ತಿರುಗಿತು.
"ಇವಳ ಮೇಲೆ ಇನ್ನೂ ಯಾರಿಗೂ ಸಿಟ್ಟಿಲ್ಲ," ಅಂದರು ಮೇಷ್ಟ್ರು.
ಕೈಗೊಂದು ನೋಟುಬುಕ್ಕು, ಕೀಲಿಕೈ.

ಆ ಕೊರತೆಯನ್ನು ಒಂದೇ ತಿಂಗಳಲ್ಲಿ
ಬಾಗಿಲು ತಟ್ಟಿ ತಟ್ಟಿ ನೀಗಿಸಿಕೊಂಡೆ.

ನಡುವೆ ಎಂಟಕ್ಕೆ ಹೊಸ ಫ್ರಿಜ್ಜು ಬಂತು. ಮೆಟ್ಟಿಲೇ ಗತಿ.
ಆರು ಗಂಡಸರು, ಏಳು ಅಭಿಪ್ರಾಯ;
ಎರಡನೇ ತಿರುವಿನಲ್ಲಿ ಗೋಡೆಗೆ ಒತ್ತಿ
ಸಂಸತ್ತಿನ ಹಾಗೆ ನಿಂತುಬಿಟ್ಟಿತು.
ಆಗ ಕೆಳಗಿಂದ ಬನಿಯನ್ನಿನಲ್ಲೇ ನುಗ್ಜಾರ್:
"ಎಡಕ್ಕೆ. ವಾಲಿಸು. ನೀನಲ್ಲ, ನೀನು. ಹ್ಞೂಂ, ಈಗ."
ಯಾರೂ ಆರಿಸಿರಲಿಲ್ಲ, ಯಾರೂ ಎದುರಾಡಲಿಲ್ಲ.
ಎಂಟನೇ ಮಹಡಿಯವರೆಗೆ ಅವನ ಆಳ್ವಿಕೆ.
ಮೇಲೆ ಒಂದು ಲೋಟ ನೀರು ಕುಡಿದ,
ಲೋಟದ ಜೊತೆ ಅದನ್ನೂ ಅಲ್ಲೇ ಇಟ್ಟು ಇಳಿದುಹೋದ.
ಐವತ್ತು ಲರಿ ಕೊಡಲಿಲ್ಲ.
ಲಾಮಾರಾ ಬಯ್ಯುತ್ತಾ ಅವನದನ್ನೂ ಕಟ್ಟಿದಳು.

ಈಗ ಲಿಫ್ಟು ಓಡುತ್ತದೆ, ಹತ್ತು ತೆತ್ರಿ ನುಂಗಿ.
ಶನಿವಾರ ನಾನು ಡಬ್ಬಿ ತೆರೆಯುತ್ತೇನೆ:
ಚಿಲ್ಲರೆ, ಒಂದು ಕೋಟಿನ ಗುಂಡಿ, ಒಮ್ಮೆ ಟರ್ಕಿಯ ನಾಣ್ಯ.
ಬಸ್ಸಿಗೆ ಕಡಿಮೆ ಬಿದ್ದು ಒಂದು ದಿನ ಎಪ್ಪತ್ತು ತೆಗೆದೆ, ಮರುದಿನ ಇಟ್ಟೆ.
ಇನ್ನೊಮ್ಮೆ ತೆಗೆದೆ, ಇಡಲು ಮರೆತೆ.
ಮೂರನೇ ಸಲ ಮರೆಯಲಿಲ್ಲ. ಇಡಲೂ ಇಲ್ಲ.
ಪುಸ್ತಕದಲ್ಲಿ ಬರೆದೆ: ಎಣ್ಣೆ.
ಯಾರೂ ಕೇಳಲಿಲ್ಲ. ಅದೇ ಹೆದರಿಕೆಯಾಯಿತು.
ಇದನ್ನು ನಂಬಿಕೆ ಅನ್ನುತ್ತಾರೆ;
ಅರ್ಧ ಸೋಮಾರಿತನ, ಹತ್ತಿರದಿಂದ ನೋಡಿದರೆ.

ಈ ಭಾನುವಾರ ಮತ್ತೆ ಸಭೆ.
ನಿನ್ನೆಯೇ ರೊಟ್ಟಿ ತಂದಿಟ್ಟುಕೊಂಡಿದ್ದೆ.
ಎಲ್ಲರಿಗಿಂತ ಮೊದಲು ಬಂದು ಕೂತೆ,
ಕೀಲಿಕೈ ಮಡಿಲಲ್ಲಿ,
ಎಣ್ಣೆಯ ಪುಟ ತೆರೆದು, ಮೇಲೊಂದು ಕಲ್ಲಿಟ್ಟು.
ಮೇಷ್ಟ್ರು ಕನ್ನಡಕ ಹುಡುಕುತ್ತಿದ್ದರು.
ಸ್ಟೂಲು ತುಂಬಿದವು. ಒಂದು ಖಾಲಿ.

ಗೇಟಿನ ಹತ್ತಿರ ನುಗ್ಜಾರ್,
ಕಂಕುಳಲ್ಲಿ ಎರಡು ಶೋತಿ, ಹಬೆ ಇನ್ನೂ ಆಡುತ್ತಿದೆ.

ಎಲ್ಲರ ಕತ್ತೂ ತಿರುಗಿತು.
ಈ ಸಲ ಕೈ ಎಣಿಸಬೇಕಾಗಲಿಲ್ಲ.